ಒಂದು ಚಿತ್ರದ ಅಜ್ಞಾತವಾಸ

ಪತ್ತೇದಾರನೆಂದ ಕೂಡಲೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವವನು ಕಥೆಪುಸ್ತಕದ ಪತ್ತೇದಾರ. ಯಾರೋ ಪ್ರಭುವಿನ ಅರಮನೆಯಂಥ ಮನೆಯಿಂದ ರತ್ನಹಾರವೊ ಬೆಲೆಬಾಳುವ ಚಿತ್ರಪಟವೊ ಮಾಯವಾಗುತ್ತದೆ. ಪೋಲೀಸಿನವರು ದಿಕ್ಕುಗಾಣದೆ ನಿಲ್ಲುತ್ತಾರೆ. ಆಗ ಈತನ ಪ್ರವೇಶ. ಭೂತಗನ್ನಡಿ ಹಿಡಿದು ನೆಲದ ಮೇಲಿನ ಚುಟ್ಟದ ಬೂದಿಯನ್ನು ನೋಡುತ್ತಾನೆ. ಬಂದು ಹೋದ ಕಳ್ಳನ ಎತ್ತರವೆಷ್ಟು, ಕಸಬು ಯಾವುದು, ಕುಂಟು ಎಡಗಾಲಿನದೊ ಬಲಗಾಲಿನದೊ ಎಂಬುದನ್ನೆಲ್ಲ ನಿಂತಲ್ಲಿಯೇ ಹೇಳುತ್ತಾನೆ. ಕಡೆಯ ಅಧ್ಯಾಯದಲ್ಲಿ ಕಳ್ಳನ ಕೈಗೆ ಕೋಳ ಬೀಳುತ್ತದೆ. ಓದುತ್ತಿದ್ದವನು ದೀಪವಾರಿಸಿ ನೆಮ್ಮದಿಯಿಂದ ಮಲಗುತ್ತಾನೆ.

ಇಂಥ ಕಥೆಗಳನ್ನು ಓದಬಾರದೆಂದು ನಾವು ಹೇಳುವುದಿಲ್ಲ. ನಾವೂ ರಾತ್ರಿ ನಿದ್ದೆಗೆಟ್ಟು ಓದಿದವರೇ. ಆದರೆ ಇವುಗಳಿಗೆ ಮೂಲವಾದ ಕಾಲದಲ್ಲಿ, ಎಂದರೆ ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ, ನಿಜವಾಗಿಯೇ ನಡೆದ ಒಂದು ಚಿತ್ರಚೌರ್ಯದ ವೃತ್ತಾಂತವನ್ನು ಈ ಹೊತ್ತು ಹೇಳಬೇಕೆಂದಿದ್ದೇವೆ. ಇದರಲ್ಲಿ ಚುಟ್ಟದ ಬೂದಿಯೂ ಇಲ್ಲ, ಭೂತಗನ್ನಡಿಯೂ ಇಲ್ಲ. ಕಳ್ಳನು ಯಾರೆಂಬುದು ಪತ್ತೇದಾರರಿಗೆ ಬಹುಕಾಲ ಮೊದಲೇ ಗೊತ್ತಿತ್ತು. ಹಾಗಿದ್ದೂ ಚಿತ್ರವು ಮರಳಿ ಕೈಸೇರುವುದಕ್ಕೆ ಇಪ್ಪತ್ತೈದು ವರ್ಷ ಹಿಡಿಯಿತು. ಅದು ಸೇರಿದ ಬಗೆಯಾದರೂ ಯಾವ ಕಥೆಗಾರನೂ ಬರೆಯಲು ಧೈರ್ಯಪಡದಂಥದು.

ಮೊದಲು ಚಿತ್ರದಲ್ಲಿರುವ ಮಹಿಳೆಯ ವಿಚಾರ. ಜಾರ್ಜಿಯಾನ ಸ್ಪೆನ್ಸರ್ ಎಂಬಾಕೆ ೧೭೫೭ರಲ್ಲಿ ಹುಟ್ಟಿದಳು. ೧೭೭೪ರಲ್ಲಿ, ಹದಿನೇಳು ವರ್ಷ ತುಂಬುವ ವೇಳೆಗೆ, ಐದನೆಯ ಡೆವನ್‌ಷೈರ್ ಡ್ಯೂಕನನ್ನು ಮದುವೆಯಾದಳು. ರಾಜವಂಶದವರನ್ನು ಬಿಟ್ಟರೆ ಇಂಗ್ಲೆಂಡಿನ ಪ್ರಭುವರ್ಗದಲ್ಲಿ ಡ್ಯೂಕನದೇ ಅತ್ಯುನ್ನತ ಪದವಿ. ಆತನ ಪತ್ನಿಗೆ ಡಚೆಸ್ ಎಂದು ಹೆಸರು. ಈ ಡಚೆಸ್ ತೊಟ್ಟ ಉಡುಪೇ ಲಂಡನ್ನಿನ ಫ್ಯಾಷನ್ನು. ಆಕೆ ಇಟ್ಟ ಟೋಪಿಯೇ ಟೋಪಿ. ೧೭೮೪ರ ವೆಸ್ಟ್‌ಮಿನ್‌ಸ್ಟರ್ ಚುನಾವಣೆಯಲ್ಲಿ ಚಾರ್ಲ್ಸ್ ಜೇಮ್ಸ್ ಫಾಕ್ಸನ ಪರವಾಗಿ ಬೀದಿಬೀದಿ ತಿರುಗಿ ಮತ ಕೇಳಿದಳು; ಒಬ್ಬ ಕಟುಕನ ಮತಕ್ಕಾಗಿ ಅವನಿಗೆ ಮುತ್ತು ಕೊಟ್ಟಳೆಂದು ವಿರೋಧಪಕ್ಷದವರು ಕುಚೋದ್ಯದ ಚಿತ್ರಗಳನ್ನು ಅಚ್ಚುಹಾಕಿಸಿ ಹಂಚಿದರು. ಜೂಜಿನ ಗೀಳು ಆಕೆಯನ್ನು ಹಿಡಿದಿತ್ತು; ಅದರಿಂದಾದ ಸಾಲವನ್ನು ಗಂಡನಿಂದ ಮರೆಸುವುದರಲ್ಲಿಯೇ ಆಯುಷ್ಯದ ಎಷ್ಟೋ ಭಾಗ ಕಳೆಯಿತು. ೧೮೦೬ರಲ್ಲಿ, ನಾಲ್ವತ್ತೆಂಟನೆಯ ವಯಸ್ಸಿನಲ್ಲಿ, ತೀರಿಕೊಂಡಳು.

ಈಕೆಯ ಚಿತ್ರವನ್ನು ೧೭೮೫ರಿಂದ ೧೭೮೭ರ ಸುಮಾರಿನಲ್ಲಿ ಬರೆದವನು ತಾಮಸ್ ಗೇನ್ಸ್‌ಬರೋ. ಬಿಳಿಯ ನಿಲುವಂಗಿ, ನಡುವಿಗೆ ನೀಲಿಯ ಪಟ್ಟಿ, ಕೈಯಲ್ಲೊಂದು ಗುಲಾಬಿ ಮೊಗ್ಗು, ತಲೆಯ ಮೇಲೆ ಗರಿಗಳ ದೊಡ್ಡ ಕಪ್ಪು ಟೋಪಿ. ಅದರ ಅಂಚಿನ ಕೆಳಗಿನಿಂದ ನೋಡುವವರನ್ನು ಅಳೆಯುವಂಥ ಒಂದು ನೋಟ. ಈ ಚಿತ್ರ ಡ್ಯೂಕನ ಮನೆಯಿಂದ ಯಾವಾಗಲೋ ಹೊರಗೆ ಹೋಯಿತು. ಮತ್ತೆ ಅದು ಕಾಣಿಸಿಕೊಂಡದ್ದು ಒಬ್ಬ ವೃದ್ಧ ಉಪಾಧ್ಯಾಯಿನಿಯ ಮನೆಯಲ್ಲಿ, ಅಗ್ಗಿಷ್ಟಿಕೆಯ ಮೇಲ್ಗಡೆ. ಆ ಗೋಡೆಗೆ ಚಿತ್ರ ಉದ್ದವಾಯಿತೆಂದು ಆ ತಾಯಿ ಡಚೆಸಳ ಕಾಲುಗಳ ಭಾಗವನ್ನು ಕತ್ತರಿಸಿಬಿಟ್ಟಿದ್ದಳು! ೧೮೪೧ರಲ್ಲಿ ಜಾನ್ ಬೆಂಟ್ಲಿ ಎಂಬ ಚಿತ್ರವ್ಯಾಪಾರಿ ಅದನ್ನು ೫೬ ಪೌಂಡಿಗೆ ಕೊಂಡನು. ಅವನಿಂದ ಅದು ರೇಷ್ಮೆ ವ್ಯಾಪಾರದಲ್ಲಿ ಹಣ ಗಳಿಸಿದ ವಿನ್ ಎಲ್ಲಿಸ್ ಎಂಬ ಸಂಗ್ರಾಹಕನಿಗೆ ಸೇರಿತು.

ಎಲ್ಲಿಸನು ೧೮೭೫ರಲ್ಲಿ ತೀರಿಕೊಂಡ ಮೇಲೆ ಅವನ ಚಿತ್ರಗಳು ಕ್ರಿಸ್ಟಿ ಸಂಸ್ಥೆಯ ಹರಾಜಿಗೆ ಬಂದುವು. ೧೮೭೬ನೆಯ ಇಸವಿ ಮೇ ೬ರಂದು ಡಚೆಸಳ ಚಿತ್ರಕ್ಕೆ ಸವಾಲು ಏರುತ್ತ ಹೋಯಿತು. ಡಡ್ಲಿಯ ಅರ್ಲನಂಥ ಪ್ರಭುವನ್ನೂ ಹಿಂದಿಕ್ಕಿ ವಿಲಿಯಂ ಆಗ್ನ್ಯೂ ಎಂಬ ಚಿತ್ರವ್ಯಾಪಾರಿ ಅದನ್ನು ೧೦,೧೦೦ ಗಿನಿಗಳಿಗೆ, ಎಂದರೆ ೧೦,೬೦೫ ಪೌಂಡುಗಳಿಗೆ, ಕೂಗಿಕೊಂಡನು. ಹರಾಜಿನಲ್ಲಿ ಒಂದು ಚಿತ್ರಕ್ಕೆ ಆ ಕಾಲಕ್ಕೆ ಅದು ಬಹು ದೊಡ್ಡ ಬೆಲೆ. ಮೂವತ್ತೈದು ವರ್ಷಗಳಲ್ಲಿ ಬೆಲೆ ಸುಮಾರು ನೂರತೊಂಬತ್ತು ಪಾಲು ಏರಿತ್ತು! ಆಗ್ನ್ಯೂ ತನ್ನ ಓಲ್ಡ್ ಬಾಂಡ್ ಬೀದಿಯ ಮಳಿಗೆಯಲ್ಲಿ ಚಿತ್ರವನ್ನು ಪ್ರದರ್ಶನಕ್ಕಿಟ್ಟನು. ಜನ ಸಾಲುಗಟ್ಟಿ ಬಂದು ನೋಡಿದರು. ಜೂನಿಯಸ್ ಮಾರ್ಗನ್ ಎಂಬ ಅಮೆರಿಕದ ಸಾಹುಕಾರನು ತನ್ನ ಮಗ ಪಿಯರ್‌ಪಾಂಟನಿಗಾಗಿ ಅದನ್ನು ಕೊಳ್ಳಲು ಮಾತುಕತೆ ನಡೆಸಿದ್ದನು. ಈ ಮಗನ ಹೆಸರನ್ನು ಕೇಳುಗರು ಜ್ಞಾಪಕದಲ್ಲಿಟ್ಟಿರಬೇಕು.

ಮಾತು ಮುಗಿಯುವ ಮುನ್ನವೇ ಚಿತ್ರ ಹೋಯಿತು. ಮೇ ತಿಂಗಳ ಕಡೆಯ ವಾರದ ಒಂದು ರಾತ್ರಿ ಮೂವರು ಓಲ್ಡ್ ಬಾಂಡ್ ಬೀದಿಗೆ ಬಂದರು. ಒಬ್ಬನು ಬೀದಿಯ ಕಡೆ ಕಣ್ಣಿಟ್ಟು ನಿಂತನು. ಧಡೂತಿ ಆಳೊಬ್ಬನು ಕುಳ್ಳನಾದ ಮೂರನೆಯವನನ್ನು ಮೇಲಕ್ಕೆತ್ತಿ ಮಹಡಿಯ ಕಿಟಕಿಗೆ ಮುಟ್ಟಿಸಿದನು. ಆ ಕುಳ್ಳನು ಕಿಟಕಿಯನ್ನು ಮೀಟಿ ಒಳಹೊಕ್ಕು, ಚಿತ್ರವನ್ನು ಚೌಕಟ್ಟಿನಿಂದ ಕತ್ತರಿಸಿ, ಚಾಪೆಯಂತೆ ಸುತ್ತಿ, ಬಂದ ದಾರಿಯಲ್ಲೇ ಇಳಿದುಹೋದನು. ಬೆಳಗ್ಗೆ ಬಾಗಿಲು ತೆರೆದಾಗ ಬರಿಯ ಚೌಕಟ್ಟು ಉಳಿದಿತ್ತು. ಆಗ್ನ್ಯೂ ಸಾವಿರ ಪೌಂಡು ಬಹುಮಾನ ಸಾರಿದನು. ಪತ್ರಿಕೆಗಳಿಗೆ ಬೇರೆ ಸುದ್ದಿಯೇ ಇಲ್ಲದಂತಾಯಿತು. ಚಿತ್ರದ ಸುಳಿವು ಮಾತ್ರ ಇಲ್ಲ.

ಇಂಥ ಕಳವನ್ನು ಆಗ ಹುಡುಕಬಲ್ಲವರು ಯಾರಿದ್ದರು? ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಹದಿನೆಂಟನೆಯ ಶತಮಾನದ ಆದಿಯಲ್ಲಿ ಲಂಡನ್ನಿನಲ್ಲಿ ಜೊನಾಥನ್ ವೈಲ್ಡ್ ಎಂಬವನಿದ್ದನು. ಕಳೆದ ವಸ್ತುವನ್ನು ಹುಡುಕಿಸಿಕೊಡುವುದು ಅವನ ವೃತ್ತಿ. ಒಡವೆ ಕಳೆದುಕೊಂಡವರು ಅವನ ಬಳಿಗೆ ಹೋಗಿ ಹಣ ಕೊಟ್ಟರೆ ಒಡವೆ ಮರಳಿ ಬರುತ್ತಿತ್ತು. ಬಾರದೇನು? ಕದಿಯುವ ಕಳ್ಳರು ಅವನ ಆಳುಗಳೇ! ತನ್ನ ಮಾತು ಮೀರಿದ ಕಳ್ಳನನ್ನು ಹಿಡಿದುಕೊಟ್ಟು ಗಲ್ಲಿಗೇರಿಸಿ ಅದಕ್ಕೂ ಸರ್ಕಾರದಿಂದ ಬಹುಮಾನ ಪಡೆಯುತ್ತಿದ್ದನು. ಕಳ್ಳನ ಮೇಲೆ ಮೊಕದ್ದಮೆ ಹೂಡಿಸದೆ ಕದ್ದ ಮಾಲನ್ನು ಹಣಕ್ಕೆ ಮರಳಿಸುವುದೇ ಘೋರಾಪರಾಧವೆಂದು ಪಾರ್ಲಿಮೆಂಟು ಕಾನೂನು ಮಾಡಿತು. ಅದೇ ಕಾನೂನಿನ ಮೇರೆಗೆ ೧೭೨೫ರಲ್ಲಿ ವೈಲ್ಡನಿಗೆ ಟೈಬರ್ನಿನಲ್ಲಿ ಗಲ್ಲಾಯಿತು. ಖಾಸಗಿ ಪತ್ತೇದಾರನ ವೃತ್ತಿಗೆ ಹುಟ್ಟಿನಿಂದಲೇ ಅಂಟಿದ ಮಸಿ ಇದು. ಇದನ್ನು ಇಲ್ಲಿ ಹೇಳಿದ್ದಕ್ಕೆ ಕಾರಣವುಂಟು; ಕಡೆಯಲ್ಲಿ ಮತ್ತೆ ಇದರ ಕಡೆಗೆ ಬರುತ್ತೇವೆ.

ಸರ್ಕಾರಿ ಪತ್ತೇದಾರ ಶಾಖೆ ಸ್ಕಾಟ್ಲೆಂಡ್ ಯಾರ್ಡಿನಲ್ಲಿ ಹುಟ್ಟಿದ್ದು ೧೮೪೨ರಲ್ಲಿ, ಎಂಟೇ ಎಂಟು ಜನರಿಂದ. ಚಿತ್ರ ಕಳುವಾದ ಮರುವರ್ಷವೇ, ೧೮೭೭ರಲ್ಲಿ, ಆ ಶಾಖೆಯ ಮುಖ್ಯ ಅಧಿಕಾರಿಗಳಲ್ಲಿ ಮೂವರು ಕುದುರೆಜೂಜಿನ ಮೋಸಗಾರರಿಂದ ಲಂಚ ತಿಂದು ಅವರನ್ನು ರಕ್ಷಿಸಿದರೆಂದು ನ್ಯಾಯಸ್ಥಾನದಲ್ಲಿ ಸಿದ್ಧವಾಗಿ ಶಿಕ್ಷೆಗೊಳಗಾದರು. ಬೇಲಿಯೇ ಹೊಲ ಮೇಯ್ದಂತಾಯಿತು. ೧೮೭೮ರಲ್ಲಿ ಇಡೀ ಶಾಖೆಯನ್ನು ಹೊಸದಾಗಿ ಕಟ್ಟಬೇಕಾಯಿತು. ಇತ್ತ ಖಾಸಗಿ ವಿಚಾರಣೆಯ ಕಚೇರಿಗಳೂ ಬೆಳೆದಿದ್ದುವು. ೧೮೫೭ರ ಕಾನೂನಿನಿಂದ ವಿವಾಹವಿಚ್ಛೇದನೆ ನ್ಯಾಯಸ್ಥಾನದ ಮೂಲಕವೇ ಸಾಧ್ಯವಾದ ಮೇಲೆ ಉಳ್ಳವರ ಮನೆಯ ಗುಟ್ಟುಗಳಿಗೆ ಸಾಕ್ಷ್ಯ ಒದಗಿಸುವ ಕೆಲಸ ಇವರಿಗೆ ಧಾರಾಳವಾಗಿ ದೊರೆಯಿತು. ಪ್ರಭುಗಳು ಇವರನ್ನು ಹಿಂಬಾಗಿಲಿನಿಂದ ಬರಮಾಡಿಕೊಳ್ಳುತ್ತಿದ್ದರು. ಮುಂಬಾಗಿಲಿನಲ್ಲಿ ಗುರುತು ಹಿಡಿಯುತ್ತಿರಲಿಲ್ಲ.

ಅಟ್ಲಾಂಟಿಕ್ ಸಾಗರದ ಆಚೆ ಈ ವೃತ್ತಿ ಬೇರೊಂದು ರೂಪ ತಾಳಿತ್ತು. ಗ್ಲಾಸ್ಗೋವಿನಲ್ಲಿ ೧೮೧೯ರಲ್ಲಿ ಹುಟ್ಟಿ, ಪೀಪಾಯಿ ಕಟ್ಟುವ ಕಸಬು ಕಲಿತು, ಅಮೆರಿಕಕ್ಕೆ ಹೋಗಿ ನೆಲೆಸಿದ ಆಲನ್ ಪಿಂಕರ್ಟನ್ನನು ೧೮೫೦ರ ಸುಮಾರಿಗೆ ಚಿಕಾಗೊ ನಗರದಲ್ಲಿ ಒಂದು ಪತ್ತೇದಾರಿ ಸಂಸ್ಥೆಯನ್ನು ತೆರೆದನು. ತೆರೆದ ಕಣ್ಣೊಂದು ಅದರ ಲಾಂಛನ. ತಾವು ಎಂದೂ ನಿದ್ರಿಸುವುದಿಲ್ಲವೆಂಬುದು ಅದರ ಘೋಷಣೆ. ಬ್ಯಾಂಕುಗಳು, ರೈಲ್ವೆ ಕಂಪೆನಿಗಳು, ಒಡವೆ ವ್ಯಾಪಾರಿಗಳು ಇದರ ಕಕ್ಷಿಗಾರರು. ಕಳ್ಳರ ಛಾಯಾಚಿತ್ರ, ಮಾರುಹೆಸರು, ನಂಟುಗಳು, ನಡೆನುಡಿ ಎಲ್ಲವನ್ನೂ ಬರೆದಿಟ್ಟುಕೊಳ್ಳುವುದು ಇದರ ಬಲ. ಈ ಸಂಸ್ಥೆಯನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ೧೮೯೨ರಲ್ಲಿ ಹೋಮ್‌ಸ್ಟೆಡ್ಡಿನ ಉಕ್ಕಿನ ಕಾರ್ಖಾನೆಯ ಕೆಲಸಗಾರರ ಮೇಲೆ ಇದರ ಕಾವಲುಪಡೆ ಬಂದಾಗ ಎರಡು ಕಡೆಯೂ ಪ್ರಾಣಹಾನಿಯಾಯಿತು. ಅಮೆರಿಕದ ಕೂಲಿಗಾರರಿಗೆ ಆ ಹೆಸರೇ ಬೈಗುಳವಾಯಿತು. ಆಲನ್ ೧೮೮೪ರಲ್ಲಿ ಮೃತನಾದ ಮೇಲೆ ಸಂಸ್ಥೆಯನ್ನು ನಡೆಸಿದವರು ಅವನ ಮಕ್ಕಳಾದ ವಿಲಿಯಂ ಮತ್ತು ರಾಬರ್ಟ್. ನಮ್ಮ ಕಥೆಯ ಪತ್ತೇದಾರನು ಈ ವಿಲಿಯಂ ಪಿಂಕರ್ಟನ್.

ಇನ್ನು ಕಳ್ಳನ ವಿಚಾರ. ಅವನ ಹೆಸರು ಆಡಂ ವರ್ತ್. ಜರ್ಮನಿಯಲ್ಲಿ ೧೮೪೪ರಲ್ಲಿ ಹುಟ್ಟಿ, ಐದು ವರ್ಷದವನಾಗಿದ್ದಾಗ ತಂದೆತಾಯಿಗಳೊಡನೆ ಅಮೆರಿಕಕ್ಕೆ ಬಂದವನು. ಅಲ್ಲಿನ ಅಂತರ್ಯುದ್ಧದಲ್ಲಿ ಸಿಪಾಯಿಯಾಗಿ ಸೇರಿ ೧೮೬೨ರಲ್ಲಿ ಬುಲ್ ರನ್ನಿನ ಎರಡನೆಯ ಕಾಳಗದಲ್ಲಿ ಗಾಯಗೊಂಡನು. ದಫ್ತರಿನವರು ತಪ್ಪಾಗಿ ಅವನ ಹೆಸರನ್ನು ಮೃತರ ಪಟ್ಟಿಗೆ ಸೇರಿಸಿದರು. ಬದುಕಿರುವಾಗಲೇ ಸತ್ತವನೆನಿಸಿಕೊಳ್ಳುವುದರಲ್ಲಿ ಎಷ್ಟು ಅನುಕೂಲವುಂಟೆಂಬುದನ್ನು ವರ್ತನು ಅಲ್ಲಿ ಕಲಿತನೆಂದು ತೋರುತ್ತದೆ. ಹೆಸರು ಬದಲಾಯಿಸಿ ಮತ್ತೊಂದು ದಂಡಿಗೆ ಸೇರುವುದು, ಸೇರಿದ್ದಕ್ಕೆ ಕೊಡುವ ಇನಾಮು ಪಡೆದು ಓಡಿಹೋಗುವುದು, ಇದೇ ಕೆಲವು ಕಾಲ ಜೀವನವಾಯಿತು. ೧೮೬೯ರ ನವೆಂಬರಿನಲ್ಲಿ ಬಾಸ್ಟನ್ನಿನ ಬಾಯ್ಲ್‌ಸ್ಟನ್ ಬ್ಯಾಂಕಿನ ಪಕ್ಕದ ಅಂಗಡಿಯನ್ನು ಬಾಡಿಗೆಗೆ ಹಿಡಿದು, ಔಷಧ ಮಾರುವ ನೆಪದಲ್ಲಿ ಕುಳಿತು, ಗೋಡೆ ಕೊರೆದು ಬ್ಯಾಂಕಿನ ಭಂಡಾರವನ್ನೇ ಬರಿದುಮಾಡಿದನು. ಪಿಂಕರ್ಟನ್ನರು ಬೆನ್ನು ಹತ್ತಿದರು. ವರ್ತನು ಯೂರೋಪಿಗೆ ಓಡಿದನು.

ಪ್ಯಾರಿಸಿನಲ್ಲಿ ಅವನೂ ಅವನ ಜೊತೆಗಾರನೂ ಪಾನಗೃಹವೊಂದನ್ನು ತೆರೆದು ಮಹಡಿಯ ಮೇಲೆ ಜೂಜಿನ ಮೇಜುಗಳನ್ನಿಟ್ಟಿದ್ದರು. ಅಲ್ಲಿಗೆ ೧೮೭೩ರಲ್ಲಿ ಒಬ್ಬ ಗಿರಾಕಿ ಬಂದನು. ವರ್ತನಿಗೆ ಅವನ ಗುರುತು ಹತ್ತಿತು; ಅವನಿಗೂ ವರ್ತನ ಗುರುತು ಹತ್ತಿತು. ಬಂದವನು ವಿಲಿಯಂ ಪಿಂಕರ್ಟನ್. ಕಳ್ಳನೂ ಪತ್ತೇದಾರನೂ ಮುಖಾಮುಖಿ ನಿಂತದ್ದು ಹೀಗೆ. ಪ್ಯಾರಿಸಿನ ವ್ಯಾಪಾರ ಬಹುಕಾಲ ನಿಲ್ಲಲಿಲ್ಲ. ವರ್ತನು ಲಂಡನ್ನಿಗೆ ಬಂದು, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯನ್ನು ಸ್ಥಾಪಿಸಿ ಅದಾಗಲೇ ತೀರಿಕೊಂಡಿದ್ದ ಸಂಪಾದಕನ ಹೆಸರನ್ನು ಕದ್ದು, ಹೆನ್ರಿ ಜಡ್ಸನ್ ರೇಮಂಡ್ ಎಂಬ ಗಣ್ಯ ಗೃಹಸ್ಥನಾದನು. ಒಳ್ಳೆಯ ಮನೆ, ಕುದುರೆ, ಗಾಡಿ, ಆಳುಕಾಳು ಎಲ್ಲ ಇದ್ದುವು. ಕಳವುಗಳನ್ನು ಯೋಜಿಸುವವನು ತಾನು, ನಡೆಸುವವರು ಬೇರೆಯವರು. ಸ್ಕಾಟ್ಲೆಂಡ್ ಯಾರ್ಡಿನ ಅಧಿಕಾರಿಗಳು ಇವನನ್ನು ಅಪರಾಧಲೋಕದ ನೆಪೋಲಿಯನ್ ಎಂದು ಕರೆದರು. ಷರ್ಲಾಕ್ ಹೋಮ್ಸನ ಕಥೆಗಳಲ್ಲಿ ಬರುವ ಮಾರಿಯಾರ್ಟಿಗೆ ಇವನೇ ಮಾದರಿಯೆಂದು ಹಲವರ ಮತ.

ಹಾಗಾದರೆ ಆಳುಗಳನ್ನು ಬಿಟ್ಟು ತಾನೇ ಕಿಟಕಿ ಹತ್ತಿ ಡಚೆಸಳನ್ನು ಕದ್ದುದೇಕೆ? ಅವನ ತಮ್ಮ ಜಾನ್ ಖೋಟಾ ಚೆಕ್ಕಿನ ಮೊಕದ್ದಮೆಯಲ್ಲಿ ಸಿಕ್ಕಿ ಲಂಡನ್ನಿನಲ್ಲಿ ಸೆರೆಯಲ್ಲಿದ್ದನು. ಜಾಮೀನಿಗೆ ಮರ್ಯಾದಸ್ಥನೊಬ್ಬನು ಬೇಕು. ಕಳ್ಳನ ತಮ್ಮನಿಗೆ ಮರ್ಯಾದಸ್ಥರು ಯಾರು ಜಾಮೀನಾಗುತ್ತಾರೆ? ಆಗ್ನ್ಯೂವಿನ ಚಿತ್ರ ನಮ್ಮ ಕೈಯಲ್ಲಿದ್ದರೆ ಆಗ್ನ್ಯೂವೇ ಜಾಮೀನು ನಿಲ್ಲಬೇಕಾಗುತ್ತದೆ ಎಂಬುದು ವರ್ತನ ಲೆಕ್ಕ. ಶೂದ್ರಕನ ಮೃಚ್ಛಕಟಿಕವನ್ನು ಬಲ್ಲವರಿಗೆ ಇಲ್ಲಿ ಶರ್ವಿಲಕನ ನೆನಪು ಬಾರದಿರದು. ದಾಸಿಯಾಗಿದ್ದ ಮದನಿಕೆಯನ್ನು ಬಿಡಿಸಿಕೊಳ್ಳುವುದಕ್ಕಾಗಿ ಅವನು ಚಾರುದತ್ತನ ಮನೆಗೆ ಕನ್ನವಿಕ್ಕಿ ಒಡವೆಗಳನ್ನು ಕದ್ದನು. ಅವು ಯಾರವೆಂದು ತಿಳಿದ ಮೇಲೆ ತಂದೊಪ್ಪಿಸಿದನು. ಅದು ನಾಟಕದಲ್ಲಿ. ಲಂಡನ್ನಿನಲ್ಲಿ ನಡೆದುದು ಬೇರೆ. ಚಿತ್ರದ ಅಗತ್ಯ ಬೀಳುವ ಮೊದಲೇ ಕಾನೂನಿನ ಒಂದು ಲೋಪವನ್ನು ವಕೀಲನು ಎತ್ತಿ ತೋರಿಸಿ ತಮ್ಮನನ್ನು ಬಿಡಿಸಿದನು. ತಮ್ಮನು ಅಮೆರಿಕಕ್ಕೆ ಹಡಗು ಹತ್ತಿದನು. ಅಣ್ಣನ ಕೈಯಲ್ಲಿ ಜಗತ್ತಿಗೆಲ್ಲ ಗುರುತಿದ್ದ ಒಂದು ಚಿತ್ರ ಉಳಿಯಿತು.

ಅಲ್ಲಿಂದ ಅದು ಬಾಯಲ್ಲಿಟ್ಟ ಬಿಸಿತುಪ್ಪ; ನುಂಗಲಾರ, ಉಗುಳಲಾರ. ಚಿನ್ನವಾದರೆ ಕರಗಿಸಬಹುದು, ವಜ್ರವಾದರೆ ಬಿಡಿಸಿ ಬೇರೆ ಒಡವೆಗೆ ಕೂರಿಸಬಹುದು. ಚಿತ್ರವನ್ನು ಏನು ಮಾಡುವುದು? ಯಾವ ಗುಣದಿಂದ ಅದಕ್ಕೆ ಬೆಲೆ ಬಂದಿತೊ ಅದೇ ಗುಣದಿಂದ ಅದನ್ನು ಮಾರುವಂತಿಲ್ಲ. ವರ್ತನು ಚಿತ್ರದ ಅಂಚಿನ ಚೂರನ್ನು ಗುರುತಿಗಾಗಿ ಕಳುಹಿಸಿ ಆಗ್ನ್ಯೂವಿಗೆ ಹೆಸರಿಲ್ಲದ ಪತ್ರಗಳನ್ನು ಬರೆದನು. ಉತ್ತರಗಳು ಟೈಮ್ಸ್ ಪತ್ರಿಕೆಯ ಖಾಸಗಿ ಜಾಹೀರಾತುಗಳಲ್ಲಿ ಬಂದುವು. ಆದರೆ ಹೇಗೆ ಬಂತೆಂದು ಕೇಳದೆ ಹಣ ಕೊಡುತ್ತೇವೆಂದು ಜಾಹೀರಾತು ಹಾಕುವುದು ಸಹ ೧೮೬೧ರ ಕಳವಿನ ಕಾನೂನಿನ ಮೇರೆಗೆ ದಂಡಾರ್ಹವಾಗಿದ್ದಿತು. ವ್ಯವಹಾರ ಕುದುರಲಿಲ್ಲ. ವರ್ತನು ಹುಸಿತಳದ ಪೆಟ್ಟಿಗೆಯೊಂದನ್ನು ಮಾಡಿಸಿ ಡಚೆಸಳನ್ನು ಅದರಲ್ಲಿ ಮಲಗಿಸಿದನು. ಕೊನೆಗೆ ಅವಳನ್ನು ಅಮೆರಿಕಕ್ಕೆ ಒಯ್ದು ಉಗ್ರಾಣವೊಂದರಲ್ಲಿ ಅಡಗಿಸಿಟ್ಟನು. ಸಹಚರರು ಪಾಲು ಕೇಳಿ ಜಗಳವಾಡಿದರು. ಜನರೆಲ್ಲ ಮುಗಿಬಿದ್ದು ನೋಡಿದ ಮುಖವನ್ನು ಇನ್ನು ಯಾರೂ ನೋಡುವಂತಿರಲಿಲ್ಲ. ಕದ್ದವನು ಸಹ ನೆಮ್ಮದಿಯಾಗಿ ನೋಡುವಂತಿರಲಿಲ್ಲ.

ಆ ಸಹಚರರಲ್ಲಿ ಜೋ ಎಲಿಯಟ್ ಎಂಬವನು ಅಮೆರಿಕದಲ್ಲಿ ಸೆರೆ ಸಿಕ್ಕಿ, ಚಿತ್ರ ಕದ್ದವನು ವರ್ತನೇ ಎಂದು ಪಿಂಕರ್ಟನ್ನರಿಗೆ ತಿಳಿಸಿದನು. ಅವರಿಂದ ಸ್ಕಾಟ್ಲೆಂಡ್ ಯಾರ್ಡಿಗೆ ತಿಳಿಯಿತು. ಅಲ್ಲಿನ ಜಾನ್ ಷೋರ್ ಎಂಬ ಅಧಿಕಾರಿ ವರ್ತನನ್ನು ಹಿಡಿಯುವುದನ್ನು ವ್ರತದಂತೆ ಕೈಕೊಂಡನು. ಆದರೆ ಒಬ್ಬ ಕಳ್ಳನ ಹೇಳಿಕೆಯಿಂದ ಇನ್ನೊಬ್ಬನನ್ನು ಶಿಕ್ಷಿಸಲಾಗದು, ಮಾಲು ಸಿಕ್ಕಬೇಕು. ಅವಸರಪಟ್ಟು ಹಿಡಿದರೆ ಮಾಲು ಬೆಂಕಿಗೆ ಹೋದೀತು. ಕಥೆಯ ಪತ್ತೇದಾರನಿಗೆ ಇಂಥ ಕಷ್ಟ ಬರುವುದಿಲ್ಲ. ಕಳ್ಳನ ಹೆಸರು ಹೇಳಿದೊಡನೆ ಅವನ ಕೆಲಸ ಮುಗಿಯಿತು. ನಿಜವಾದ ಪತ್ತೇದಾರನ ಕೆಲಸ ಅಲ್ಲಿಂದ ಮೊದಲಾಯಿತು, ಮತ್ತು ಅದರ ಬಹುಭಾಗ ಕಾಯುವುದೇ ಆಗಿದ್ದಿತು.

೧೮೯೨ರ ಅಕ್ಟೋಬರಿನಲ್ಲಿ ಬೆಲ್ಜಿಯಂ ದೇಶದ ಲಿಯೇಜ್ ನಗರದಲ್ಲಿ ಹಣ ಸಾಗಿಸುತ್ತಿದ್ದ ಗಾಡಿಯೊಂದನ್ನು ದೋಚಲು ಹೋಗಿ ವರ್ತನು ಸಿಕ್ಕಿಬಿದ್ದನು. ತಾನು ಯಾರೆಂದು ಬಾಯಿ ಬಿಡಲಿಲ್ಲ. ಬೆಲ್ಜಿಯಂ ಪೋಲೀಸಿನವರು ನಾನಾ ದೇಶಗಳಿಗೆ ಬರೆದು ಕೇಳಿದರು. ನ್ಯೂಯಾರ್ಕಿನ ಪೋಲೀಸೂ ಸ್ಕಾಟ್ಲೆಂಡ್ ಯಾರ್ಡೂ ಅವನು ಆಡಂ ವರ್ತನೆಂದು ತಿಳಿಸಿದುವು. ಹಳೆಯ ಜೊತೆಗಾರನೊಬ್ಬನು ಹಗೆಯಿಂದ ಅವನ ಪೂರ್ವೋತ್ತರವನ್ನೆಲ್ಲ ಹೊರಗೆಡವಿದನು. ಎಲ್ಲರಿಗಿಂತ ಹೆಚ್ಚಾಗಿ ಬಲ್ಲವರು ಪಿಂಕರ್ಟನ್ನರು. ಅವರು ಮಾತ್ರ ಏನನ್ನೂ ಹೇಳಲಿಲ್ಲ. ೧೮೯೩ರಲ್ಲಿ ಏಳು ವರ್ಷದ ಶಿಕ್ಷೆಯಾಯಿತು. ವರ್ತನು ಲುವೆನ್ನಿನ ಸೆರೆಮನೆ ಸೇರಿದನು. ಮಿತ್ರನಾದವನು ಮಾತಾಡಿದನು, ಬೆನ್ನಟ್ಟಿದವನು ಸುಮ್ಮನಿದ್ದನು ಎಂಬುದನ್ನು ವರ್ತನು ಮರೆಯಲಿಲ್ಲವೆಂದು ಮುಂದಿನ ಸಂಗತಿಗಳಿಂದ ಊಹಿಸಬಹುದು.

೧೮೯೭ರಲ್ಲಿ ಬಿಡುಗಡೆಯಾಗಿ ಬಂದಾಗ ಅವನಿಗೆ ಮನೆಯಿರಲಿಲ್ಲ. ಆಸ್ತಿ ಕರಗಿಹೋಗಿತ್ತು. ಹೆಂಡತಿಗೆ ಬುದ್ಧಿಭ್ರಮಣೆಯಾಗಿ ಆಸ್ಪತ್ರೆ ಸೇರಿದ್ದಳು. ಎರಡು ಮಕ್ಕಳು ಅಮೆರಿಕದಲ್ಲಿದ್ದುವು. ಅವರನ್ನು ಸಾಕುತ್ತಿದ್ದವನು ಯಾರೆಂದು ನೋಡಿದರೆ, ತಮ್ಮ ಜಾನ್. ಯಾರಿಗಾಗಿ ಡಚೆಸಳನ್ನು ಕದ್ದನೊ ಅವನ ಮನೆಯಲ್ಲಿ ತನ್ನ ಮಕ್ಕಳು. ಆರೋಗ್ಯವೂ ಕೆಟ್ಟಿತ್ತು. ಉಳಿದಿದ್ದ ಸೊತ್ತೆಂದರೆ ಆ ಚಿತ್ರವೊಂದೇ.

೧೮೯೯ರಲ್ಲಿ ವರ್ತನು ಚಿಕಾಗೊ ನಗರಕ್ಕೆ ಹೋಗಿ ವಿಲಿಯಂ ಪಿಂಕರ್ಟನ್ನನನ್ನು ಕಂಡನು. ಬೆನ್ನಟ್ಟಿದವನ ಮನೆಗೆ ಬೇಟೆ ತಾನಾಗಿ ಬಂದಿತು. ಹಿಡಿದುಕೊಡುವುದಿಲ್ಲವೆಂಬ ಭರವಸೆಯ ಮೇಲೆ ಕುಳಿತು ತನ್ನ ಜೀವನದ ಕಥೆಯನ್ನೆಲ್ಲ ಅವನೆದುರಿಗೆ ಹೇಳಿಕೊಂಡನು. ಕಳ್ಳನು ಹೊರಟುಹೋದ ಮೇಲೆ ಪಿಂಕರ್ಟನ್ನನು ಕೇಳಿದ್ದನ್ನೆಲ್ಲ ಬರೆದಿಟ್ಟನು. ವರ್ತನ ವಿಷಯದಲ್ಲಿ ನಮಗಿಂದು ತಿಳಿದಿರುವುದರಲ್ಲಿ ಬಹುಪಾಲು ಈ ಬರವಣಿಗೆಯಿಂದಲೇ ಬಂದದ್ದು. ಕೈಗೆ ಕೋಳ ಹಾಕಿಸಿದ್ದರೆ ಆ ದಿನ ಪತ್ರಿಕೆಗಳಲ್ಲಿ ಪಿಂಕರ್ಟನ್ನನ ಹೆಸರು ಮೆರೆಯುತ್ತಿತ್ತು; ಚಿತ್ರ ಮಾತ್ರ ಯಾವುದೋ ಉಗ್ರಾಣದಲ್ಲಿ ಮಣ್ಣಾಗುತ್ತಿತ್ತು. ಪಿಂಕರ್ಟನ್ನನು ಕೊಟ್ಟ ಮಾತನ್ನು ಉಳಿಸಿಕೊಂಡನು.

ಅಲ್ಲಿಂದ ಎರಡು ವರ್ಷ ಸಂಧಾನ ನಡೆಯಿತು. ಪ್ಯಾಟ್ ಷೀಡಿ ಎಂಬ ಪ್ರಸಿದ್ಧ ಜೂಜುಗಾರನು ನಡುವಣ ದೂತನಾದನು. ಲಂಡನ್ನಿನಿಂದ ವಿಲಿಯಂ ಆಗ್ನ್ಯೂವಿನ ಮಗ ಮಾರ್ಲೆಂಡ್ ಆಗ್ನ್ಯೂ ಹೊರಟುಬಂದನು. ೧೯೦೧ನೆಯ ಇಸವಿ ಮಾರ್ಚಿ ೨೮ರಂದು ಚಿಕಾಗೊವಿನ ಆಡಿಟೋರಿಯಂ ಹೋಟೆಲಿನ ಕೋಣೆಯೊಂದಕ್ಕೆ ವಾಹಕನೊಬ್ಬನು ಒಂದು ಸುರುಳಿಯನ್ನು ತಂದಿತ್ತನು. ಬಿಚ್ಚಿ ನೋಡಿದರೆ, ಅದೇ ಕಪ್ಪು ಟೋಪಿ, ಅದೇ ನೋಟ. ೨೫,೦೦೦ ಡಾಲರುಗಳು ಕೈ ಬದಲಾದುವೆಂದು ಹೇಳುತ್ತಾರೆ. ಯಾರನ್ನೂ ದಸ್ತಗಿರಿ ಮಾಡಲಿಲ್ಲ. ಚಿತ್ರವು ಕಳುವಾದಾಗ ಸಿಂಹಾಸನದಲ್ಲಿದ್ದ ವಿಕ್ಟೋರಿಯಾ ರಾಣಿ ಎರಡು ತಿಂಗಳ ಹಿಂದಷ್ಟೆ ದಿವಂಗತಳಾಗಿದ್ದಳು. ಒಂದು ಯುಗಕ್ಕೆ ಯುಗವೇ ಕಳೆದಿತ್ತು.

ಚಿತ್ರವನ್ನು ಕೊಂಡವನು ಪಿಯರ್‌ಪಾಂಟ್ ಮಾರ್ಗನ್. ೧೮೭೬ರಲ್ಲಿ ತಂದೆ ಯಾರಿಗಾಗಿ ಅದನ್ನು ಕೊಳ್ಳಬೇಕೆಂದಿದ್ದನೊ ಆ ಮಗನೇ. ಒಂದೂವರೆ ಲಕ್ಷ ಡಾಲರು ಕೊಟ್ಟನೆಂದು ಪ್ರತೀತಿ. ವರ್ತನು ಲಂಡನ್ನಿಗೆ ಮರಳಿ ಮಕ್ಕಳೊಡನೆ ಕೆಲವು ತಿಂಗಳು ಬದುಕಿ ೧೯೦೨ರ ಜನವರಿಯಲ್ಲಿ ತೀರಿಕೊಂಡನು. ಹೈಗೇಟಿನ ರುದ್ರಭೂಮಿಯಲ್ಲಿ ಅವನನ್ನು ಹೂಳಿದ್ದು ಹೆನ್ರಿ ರೇಮಂಡ್ ಎಂಬ ಕದ್ದ ಹೆಸರಿನಲ್ಲಿಯೇ. ಅವನ ಮಗನು ಮುಂದೆ ಪಿಂಕರ್ಟನ್ ಸಂಸ್ಥೆಯಲ್ಲಿ ಪತ್ತೇದಾರನಾದನೆಂದು ಚರಿತ್ರಕಾರರು ಬರೆದಿದ್ದಾರೆ.

ಇಲ್ಲಿಗೆ ಕಥೆ ಮುಗಿಯಿತು, ವ್ಯಾಜ್ಯ ಮುಗಿಯಲಿಲ್ಲ. ಪಿಂಕರ್ಟನ್ನನು ಮಾಡಿದ್ದು ಸರಿಯೆ? ಕದ್ದವನಿಗೆ ಶಿಕ್ಷೆಯಿಲ್ಲ, ಮೇಲಾಗಿ ಹಣ. ಜೊನಾಥನ್ ವೈಲ್ಡನನ್ನು ಗಲ್ಲಿಗೇರಿಸಿದ್ದು ಇಂಥದೇ ವ್ಯವಹಾರಕ್ಕಾಗಿ ಅಲ್ಲವೆ? ಆ ಕಾನೂನು ಸುಮ್ಮನೆ ಹುಟ್ಟಿದ್ದಲ್ಲ. ಕದ್ದ ಮಾಲಿಗೆ ಒಡೆಯನೇ ಗಿರಾಕಿಯಾದರೆ ಕಳ್ಳತನವು ನಿರ್ಭಯವಾದ ಉದ್ಯೋಗವಾಗುತ್ತದೆ. ಇಂದು ಒಬ್ಬ ಆಗ್ನ್ಯೂ ಹಣ ಕೊಟ್ಟರೆ ನಾಳೆ ಹತ್ತು ಕಿಟಕಿಗಳಿಗೆ ಏಣಿ ಬೀಳುತ್ತದೆ. ಈ ವಾದದಲ್ಲಿ ನಮಗೆ ಬಲ ಕಾಣುತ್ತದೆ, ಅದನ್ನು ತಳ್ಳಿಹಾಕಲಾರೆವು.

ಆದರೂ ವೈಲ್ಡನನ್ನೂ ಪಿಂಕರ್ಟನ್ನನನ್ನೂ ಒಂದೇ ತಕ್ಕಡಿಯಲ್ಲಿಡುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ವೈಲ್ಡನು ಕಳವನ್ನು ತಾನೇ ಮಾಡಿಸಿ, ತನ್ನನ್ನು ನಂಬಿದ ಕಳ್ಳನನ್ನೂ ನಂಬಿದ ಒಡೆಯನನ್ನೂ ಒಟ್ಟಿಗೆ ಮಾರಿದನು. ಪಿಂಕರ್ಟನ್ನನು ತನ್ನನ್ನು ನಂಬಿದವರಲ್ಲಿ ಯಾರನ್ನೂ ಮಾರಲಿಲ್ಲ. ಅವನು ದೊರಕಿಸಿದ್ದು ನ್ಯಾಯವಲ್ಲ, ವಸ್ತು. ಅದನ್ನು ನ್ಯಾಯವೆಂದು ಕರೆಯಲೂ ಇಲ್ಲ. ವರ್ತನಿಗೆ ಶಿಕ್ಷೆಯೇ ಆಗಲಿಲ್ಲವೆನ್ನುವವರು ಒಂದು ಮಾತನ್ನು ಯೋಚಿಸಬೇಕು. ಚಿತ್ರವನ್ನು ಇಪ್ಪತ್ತೈದು ವರ್ಷ ಕತ್ತಲೆಯಲ್ಲಿ ಸೆರೆಯಿಟ್ಟವನು ಅಷ್ಟು ವರ್ಷವೂ ಅದರ ಸೆರೆಯಾಳಾಗಿಯೇ ಇದ್ದನು. ಅದನ್ನು ಅವನು ಮಾರಲಿಲ್ಲ, ಸುಡಲಿಲ್ಲ, ಬಿಟ್ಟೂ ಹೋಗಲಿಲ್ಲ. ಕದ್ದವನೇ ಕಾವಲುಗಾರನಾದನು.

ಇಂಥ ಬೀಗಕ್ಕೆ ಭೂತಗನ್ನಡಿ ಬೀಗದಕೈಯಲ್ಲ. ಅದನ್ನು ತೆರೆದದ್ದು ನಂಬಿಕೆ, ಮತ್ತು ಆ ನಂಬಿಕೆಯನ್ನು ಬೆಳೆಸಿದ್ದು ಆಡಿದ ಮಾತಿಗಿಂತ ಆಡದೆ ಉಳಿಸಿದ ಮಾತು. ೧೮೯೨ರಲ್ಲಿ ಬೆಲ್ಜಿಯಮಿಗೆ ಬರೆಯದೆ ಉಳಿದ ಒಂದು ಕಾಗದದ ಬೆಲೆ ೧೯೦೧ರಲ್ಲಿ ತಿಳಿಯಿತು. ಊರಿನ ಜಗಳವನ್ನು ಬಗೆಹರಿಸಿದ ಹಿರಿಯರು ನಮ್ಮಲ್ಲಿಯೂ ಇದನ್ನು ಬಲ್ಲರು: ಎದುರಾಳಿಗೆ ನಮ್ಮ ಮಾತಿನಲ್ಲಿ ವಿಶ್ವಾಸವಿದ್ದರೆ ಎಂದಾದರೊಂದು ದಿನ ಅವನೇ ಬಾಗಿಲು ತಟ್ಟುತ್ತಾನೆ.

ಡಚೆಸಳ ಚಿತ್ರ ಮಾರ್ಗನ್ ಮನೆತನದಲ್ಲಿ ೧೯೯೪ರವರೆಗೆ ಇದ್ದಿತು. ಆ ವರ್ಷ ಅದು ಮತ್ತೆ ಹರಾಜಿಗೆ ಬಂದಾಗ, ಸುಮಾರು ನಾಲ್ಕು ಲಕ್ಷ ಡಾಲರುಗಳಿಗೆ ಕೊಂಡವನು ಅಂದಿನ ಡೆವನ್‌ಷೈರ್ ಡ್ಯೂಕ್, ಆ ಪದವಿಯ ಹನ್ನೊಂದನೆಯವನು. ಉಪಾಧ್ಯಾಯಿನಿ, ರೇಷ್ಮೆ ವ್ಯಾಪಾರಿ, ಕಳ್ಳ, ಸಾಹುಕಾರ ಎಲ್ಲರ ಮನೆಯನ್ನೂ ಸುತ್ತಿ, ಕಾಲುಗಳನ್ನು ಕಳೆದುಕೊಂಡು, ಜಾರ್ಜಿಯಾನ ಚ್ಯಾಟ್ಸ್‌ವರ್ತಿನ ತನ್ನ ಮನೆಯನ್ನು ಸೇರಿದಳು. ಅಲ್ಲಿಗೆ ಹೋದವರು ಆ ಕಪ್ಪು ಟೋಪಿಯ ಕೆಳಗಿನ ಕಣ್ಣುಗಳನ್ನು ನೋಡುವಾಗ, ಆಕೆ ಮರಳಿ ಬೆಳಕಿಗೆ ಬಂದದ್ದು ಒಬ್ಬ ಪತ್ತೇದಾರನು ಒಬ್ಬ ಕಳ್ಳನಿಗೆ ಕೊಟ್ಟ ಮಾತನ್ನು ಉಳಿಸಿಕೊಂಡದ್ದರಿಂದ ಎಂಬುದನ್ನು ನೆನೆಯಲೆಂದು ನಮ್ಮ ಆಶೆ.